ಓದದೆ ‘ಓಂ ಶಾಂತಿ’ ಬರೆಯಬಾರದು

ಯಾದಗಿರಿ
೧೨ ಫೆಬ್ರುವರಿ ೨೦೨೫

ಸಂಗಣ್ಣ ಕಾಕಾ ಅವರಿಗೆ ಪರಿಮಳಾ ಮಾಡುವ ನಮಸ್ಕಾರ.

ಸೋಮವಾರ ರಾತ್ರಿಯಿಂದ ನಿಮ್ಮ ಫೋನು ಬಂದ್ ಇದೆ. ನಿನ್ನೆ ನಿಮ್ಮ ಬಟ್ಟೆ ಅಂಗಡಿಯ ನಂಬರಿಗೆ ಮಾಡಿದರೆ ಭಾಗಮ್ಮ ಕಾಕು ಎತ್ತಿದರು. “ನಮ್ಮ ಮನಿಯವರು ತೀರಿಕೊಂಡಾರಂತ ನಿಮ್ಮ ಗ್ರೂಪಿನ್ಯಾಗ ನೀವೇ ಹಾಕೀರಿ. ಈಗ ಯಾರ ಜೋಡಿ ಮಾತಾಡ್ತೀರಿ ಟೀಚರ್?” ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ ಇಟ್ಟುಬಿಟ್ಟರು. ಹಾಗಾಗಿ ಅಂಚೆಯ ದಾರಿ ಹಿಡಿದಿದ್ದೇನೆ. ಹರಿದು ಒಗೆಯುವ ಮುಂಚೆ ಒಂದು ಸಲ ಓದಿರಿ.

ನಮ್ಮ ಸೈಕಲ್ ಬಳಗದ ಅಡ್ಮಿನ್ ಆಗಿ, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಭಾನುವಾರ ನೀವು ಶಹಾಪುರದಿಂದ ನಾರಾಯಣಪುರದ ಅಣೆಕಟ್ಟಿನವರೆಗೆ ತುಳಿದು, ಅದೇ ದಿನ ತಿರುಗಿ ಬಂದಿರಿ. ಅರವತ್ತು ದಾಟಿದವರಿಗೆ ಅದು ಸಣ್ಣ ಮಾತಲ್ಲ ಎಂದು ಸಂಜೆ ಶಾಲು ಹೊದಿಸಿ ಹಾರ ಹಾಕಿದೆವು. ಫ್ಲೆಕ್ಸ್ ಅಂಗಡಿಯ ಚೇತನಕುಮಾರ ನಿಮಗೆ ಗೊತ್ತಲ್ಲ, ಅವನಿಗೆ ಉತ್ಸಾಹ ಸ್ವಲ್ಪ ಜಾಸ್ತಿ. ನಿಮ್ಮ ಹಾರದ ಫೋಟೋ ಕತ್ತರಿಸಿ, ಕಂಪ್ಯೂಟರಿನಲ್ಲಿ ಸಿದ್ಧವಿದ್ದ ಒಂದು ಚೌಕಟ್ಟಿನಲ್ಲಿ ಕೂರಿಸಿದ. ಎಡಕ್ಕೊಂದು ಬಲಕ್ಕೊಂದು ಉರಿಯುವ ದೀಪ, ಹಿಂದೆ ಬಿಳಿ ಮೋಡ. ‘ಹಾರ್ದಿಕ ಅಭಿನಂದನೆಗಳು’ ಎಂಬುದು ಕೆಳಗೆ ಇರುವೆಯಷ್ಟು ಸಣ್ಣದಾಗಿತ್ತು. ಸೋಮವಾರ ನಸುಕಿನಲ್ಲಿ ಅದನ್ನು ಬಳಗಕ್ಕೆ ಹಾಕಿದ.

ಯಾರೋ ಒಬ್ಬರು ಕಣ್ಣುಜ್ಜಿಕೊಳ್ಳುತ್ತ ನೋಡಿ ‘ಓಂ ಶಾಂತಿ’ ಎಂದರು. ಅದರ ಕೆಳಗೆ ಇನ್ನೊಬ್ಬರು. ಆಮೇಲೆ ಕೇಳಬೇಕೆ! ‘ಅಷ್ಟು ದೂರ ತುಳಿದರು, ಎದೆ ತಡೆಯಲಿಲ್ಲ’ ಎಂದು ಒಬ್ಬರು ಕಾರಣವನ್ನೂ ಕೊಟ್ಟರು. ನಾನು ಅಡಿಗೆ ಮುಗಿಸಿ ಫೋನು ನೋಡುವಷ್ಟರಲ್ಲಿ ನೀವು ಸತ್ತು ಎರಡು ತಾಸಾಗಿತ್ತು. ನನಗಂತೂ ಜೀವ ಬಾಯಿಗೆ ಬಂತು. ನಿಮ್ಮ ಪಕ್ಕದ ಅಂಗಡಿಯವರಿಗೆ ಫೋನು ಮಾಡಿ, ಇದ್ದೀರಿ ಎಂದು ಕೇಳಿದ ಮೇಲೆಯೇ ಕೂತದ್ದು. ಕೂಡಲೇ ಎಲ್ಲ ಅಳಿಸಿದೆ. ಚೇತನಕುಮಾರ “ದೀಪ ಅಂದ್ರ ಶುಭ ಅಲ್ಲೇನ್ರಿ ಮೇಡಮ್?” ಎಂದು ಅಳುತ್ತಿದ್ದ. ಏನು ಹೇಳಲಿ ಅವನಿಗೆ?

ಇನ್ನು ಮುಂದೆ ಹೀಗಾಗಬಾರದೆಂದು ಬಳಗಕ್ಕೆ ನಿಯಮ ಬರೆಯುತ್ತಿದ್ದೇನೆ. ಕರಡು ಇದರ ಜೊತೆಗಿದೆ. ಓದದೆ ಉತ್ತರ ಹಾಕಬಾರದು ಎಂಬುದು ಎಲ್ಲಕ್ಕಿಂತ ಮೇಲೆ. ಸಾವಿನ ಸುದ್ದಿಯನ್ನು ಮನೆಯವರ ಜೊತೆ ಮಾತಾಡಿದ ಮೇಲೆ ಅಡ್ಮಿನ್ ಮಾತ್ರ ಹಾಕಬೇಕು. ಬೆಳಗಿನ ಗುಲಾಬಿ ಹೂವಿನ ಶುಭೋದಯಗಳು ಬೇಡ. ‘ನಾನು ಇಷ್ಟು ವೇಗದಲ್ಲಿ ಹೋದೆ’ ಎಂದು ಹೊಸಬರ ಮುಂದೆ ಕೊಚ್ಚಿಕೊಳ್ಳುವುದು ಬೇಡ. ಹೆಣ್ಣುಮಕ್ಕಳ ಫೋಟೋವನ್ನು ಅವರನ್ನು ಕೇಳದೆ ಹಾಕಬಾರದು. ಜಾತಿ, ಪಕ್ಷದ ಮಾತು ಬಂದರೆ ನಾನೇ ಹೊರಗೆ ಹಾಕುತ್ತೇನೆ.

ನೀವು ತಿದ್ದಿ ಕಳಿಸಿರಿ. ಎಲ್ಲರ ಪರವಾಗಿ ಕೇಳುತ್ತೇನೆ, ಇದೊಂದನ್ನು ಹೊಟ್ಟೆಗೆ ಹಾಕಿಕೊಂಡು ಬಳಗಕ್ಕೆ ಮರಳಿ ಬನ್ನಿ.

ಇಂತು ನಿಮ್ಮ
ಪರಿಮಳಾ


ಶಹಾಪುರ
೧೫ ಫೆಬ್ರುವರಿ ೨೦೨೫

ಪರಿಮಳಾ ಟೀಚರ್ ಅವರಿಗೆ,

ಬದುಕಿದ್ದೇನೆ. ಮೊದಲು ಇದನ್ನು ಬರೆದುಬಿಡುತ್ತೇನೆ, ಈಚೆಗೆ ಜನರಿಗೆ ಅದನ್ನು ಹೇಳಿಯೇ ಮಾತು ಶುರು ಮಾಡಬೇಕಾಗಿದೆ. ನಿನ್ನೆ ಸಂತೆಯಲ್ಲಿ ಒಬ್ಬ ನನ್ನ ತೋಳು ಮುಟ್ಟಿ ನೋಡಿ ಆಮೇಲೆ ನಮಸ್ಕಾರ ಮಾಡಿದ.

ಸೋಮವಾರದ ಕಥೆ ನಿಮಗೆ ಅರ್ಧ ಮಾತ್ರ ಗೊತ್ತು. ಹೊತ್ತು ಹುಟ್ಟುವ ಮುಂಚೆಯೇ ಓಣಿಯವರು ಬರಲು ಹತ್ತಿದರು. ಹೊರಗೆ ಕಾಣುವ ಹಾಗೆ ಕೂತರೆ ಬಂದವರಿಗೆ ಬೇಗ ಸಮಾಧಾನವಾಗುತ್ತದೆಂದು ಭಾಗಮ್ಮ ನನ್ನನ್ನು ಕಟ್ಟೆಯ ಮೇಲೆ ಕೂರಿಸಿದಳು. ಬಂದವರಿಗೆಲ್ಲ ಚಹಾ, ಅವರ ಜೊತೆ ನನಗೂ ಚಹಾ. ಅಬ್ಬೆತುಮಕೂರಿನಿಂದ ನನ್ನ ತಂಗಿ ಗುರುದೇವಿ ಟಂಟಂ ಆಟೋ ಮಾಡಿಕೊಂಡು ಬಂದಳು. ಓಣಿಯ ತುದಿಯಿಂದಲೇ ರಾಗ ತೆಗೆದಿದ್ದಳು. ನನ್ನನ್ನು ನೋಡಿದ ಮೇಲೂ ಅಳು ನಿಲ್ಲಿಸಲು ಬಾರದೆ, “ಅಣ್ಣಾ, ನೀ ಅದೀ ಏನೋ! ಕುಡಿಯಾಕ ನೀರರೆ ಕೊಡೋ” ಎಂದು ಅದೇ ರಾಗದಲ್ಲಿ ಕೇಳಿದಳು. ನಕ್ಕೂ ನಕ್ಕೂ ಸಾಕಾಯಿತು. ಆಯುಷ್ಯ ಹೆಚ್ಚಾಯಿತೆಂದು ಎಲ್ಲರೂ ಹೇಳಿ ಹೋದರು. ಭಾಗಮ್ಮ ಮಾತ್ರ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, “ಇನ್ನ ಸೈಕಲ್ ಮುಟ್ಟಿದ್ರ ನೋಡ್ರಿ” ಎಂದಳು.

ನಿಮ್ಮ ಕರಡು ಓದಿದೆ. ಒಳ್ಳೆಯದಿದೆ. ಗುಲಾಬಿ ಹೂ ಬೇಡವೆಂದದ್ದಕ್ಕೆ ನಿಮಗೆ ಪುಣ್ಯ ಬರಲಿ. ಪಂಕ್ಚರ್ ಆದಾಗ ಚಕ್ರದ ಫೋಟೋ ಹಾಕಿ ಸುಮ್ಮನಿರುವವರಿಗೂ ಒಂದು ನಿಯಮ ಬೇಕು. ಯಾವ ಊರ ಹತ್ತಿರ ನಿಂತಿದ್ದೇವೆಂದು ಬರೆಯದಿದ್ದರೆ ನಾವು ಆ ಚಕ್ರ ನೋಡಿ ಏನು ಮಾಡುವುದು?

‘ಓಂ ಶಾಂತಿ’ ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಪಾಪ, ಅತ್ತರಲ್ಲ. ನೀವು ಅಳಿಸುವ ಮೊದಲು ನಾನು ಎಲ್ಲ ಹೆಸರುಗಳನ್ನೂ ಓದಿದೆ, ಎರಡು ಸಲ ಓದಿದೆ. ಸುರಪುರದ ಫಕೀರಸಾಬನ ಹೆಸರು ಇರಲಿಲ್ಲ. ಅವನ ಅಪ್ಪ ನಡೆಸುತ್ತಿದ್ದ ಅಂಗಡಿಯಲ್ಲೇ ನಾನು ಮೊದಲ ಸೈಕಲ್ ಕೊಂಡದ್ದು, ನಮ್ಮಿಬ್ಬರಿಗೂ ಆಗ ಮೀಸೆ ಚಿಗುರಿರಲಿಲ್ಲ. ಬಳಗ ಎಂಬುದು ಹುಟ್ಟುವುದಕ್ಕೆ ಎಷ್ಟೋ ಮುಂಚಿನಿಂದ ಭಾನುವಾರ ಅಂದರೆ ನಾವಿಬ್ಬರೇ. ನಾರಾಯಣಪುರಕ್ಕೂ ಅವನು ಬರಲಿಲ್ಲ, ಕಡೇಚೂರಿನಲ್ಲಿ ಮದುವೆ ಅಂದ. ಇರಲಿ. ಅದು ಬೇರೆ ಮಾತು. ಸೋಮವಾರ ರಾತ್ರಿಯವರೆಗೂ ಫೋನು ಚಾಲೂ ಇಟ್ಟಿದ್ದೆ, ಆಮೇಲೆ ಬಂದ್ ಮಾಡಿದೆ.

ಬಳಗಕ್ಕೆ ಬರುವ ಮಾತು ಈಗ ಬೇಡ. ನೋಡೋಣ.

ಸಂಗಣ್ಣ


ಯಾದಗಿರಿ
೧೯ ಫೆಬ್ರುವರಿ ೨೦೨೫

ಪ್ರೀತಿಯ ಸಂಗಣ್ಣ ಕಾಕಾ,

ನಿಮ್ಮ ಕಾಗದ ಓದಿ ಸ್ಟಾಫ್ ರೂಮಿನಲ್ಲಿ ಒಬ್ಬಳೇ ನಕ್ಕೆ. ನಿಮಗೆ ಸಿಟ್ಟಿಲ್ಲ ಎಂಬುದೇ ದೊಡ್ಡ ಸಮಾಧಾನ. ಪಂಕ್ಚರ್ ನಿಯಮ ಸೇರಿಸಿದ್ದೇನೆ.

ನೀವು ಇನ್ನೊಂದು ಬಹಳ ಒಳ್ಳೆಯ ಮಾತು ಗಮನಕ್ಕೆ ತಂದಿರಿ. ನನಗದು ಹೊಳೆದೇ ಇರಲಿಲ್ಲ. ಹೌದು, ಇಡೀ ಬಳಗದಲ್ಲಿ ಗಡಿಬಿಡಿ ಮಾಡದೆ ಸುಮ್ಮನಿದ್ದವರು ಫಕೀರಸಾಬ ಕಾಕಾ ಒಬ್ಬರೇ! ಅದನ್ನೇ ಉದಾಹರಣೆಯಾಗಿ ನಿಯಮಕ್ಕೆ ಸೇರಿಸಿ ನಿನ್ನೆ ಬಳಗದಲ್ಲಿ ಹಾಕಿದೆ. ‘ಸುದ್ದಿ ಖಾತ್ರಿಯಾಗುವ ತನಕ ತಾಳ್ಮೆಯಿಂದಿರುವುದನ್ನು ನಮ್ಮ ಹಿರಿಯ ಸದಸ್ಯ ಫಕೀರಸಾಬರಿಂದ ಕಲಿಯೋಣ’ ಎಂದು ಬರೆದಿದ್ದೆ. ಎಲ್ಲರೂ ಚಪ್ಪಾಳೆ ಹಾಕಿದರು, ಈ ಸಲ ಓದಿಯೇ ಹಾಕಿದರು ಎಂದು ನಂಬಿದ್ದೇನೆ.

ಆದರೆ ವಿಚಿತ್ರ ನೋಡಿ. ಚಪ್ಪಾಳೆ ನಡೆದಿರುವಾಗಲೇ ಫಕೀರಸಾಬ ಕಾಕಾ ಬಳಗ ಬಿಟ್ಟು ಹೊರಗೆ ಹೋದರು. ಒಂದು ಮಾತೂ ಇಲ್ಲ. ಬೈದದ್ದಕ್ಕೆ ಬಳಗ ಬಿಟ್ಟವರನ್ನು ಕಂಡಿದ್ದೇನೆ, ಹೊಗಳಿದ್ದಕ್ಕೆ ಬಿಟ್ಟವರನ್ನು ಈಗಲೇ ಕಂಡದ್ದು. ಸಂಕೋಚದ ಮನುಷ್ಯರಿರಬೇಕು. ನಿಮ್ಮ ಗೆಳೆಯರಲ್ಲವೆ, ನೀವು ಒಂದು ಮಾತು ಹೇಳಿದರೆ ಬಂದಾರು. ನೀವಿಬ್ಬರೂ ಒಟ್ಟಿಗೇ ಮರಳಿದರೆ ಎಷ್ಟು ಚೆನ್ನ!

ನಿಮ್ಮ
ಪರಿಮಳಾ


ಶಹಾಪುರ
೨೨ ಫೆಬ್ರುವರಿ ೨೦೨೫

ಟೀಚರ್,

ಮಾದರಿ ಸದಸ್ಯನಂತೆ! ತಾಳ್ಮೆಯಂತೆ! ನಿಮಗೆ ಯಾರು ಹೇಳಿದರು ಅವನನ್ನು ಹೊಗಳಲು?

ಮುಚ್ಚಿಟ್ಟು ಏನು ಮಾಡಲಿ, ನಾಚಿಕೆ ಬಿಟ್ಟು ಬರೆಯುತ್ತೇನೆ. ಆ ಸೋಮವಾರ ಇಡೀ ದಿನ ನಾನು ಕಟ್ಟೆ ಬಿಟ್ಟು ಏಳಲಿಲ್ಲ. ಬಂದವರು ಬಂದರು, ನಕ್ಕರು, ಹೋದರು. ನನ್ನ ಕಣ್ಣು ಸುರಪುರದ ಕಡೆಯಿಂದ ಬರುವ ದಾರಿಯ ಮೇಲೇ ಇತ್ತು. ಮುಖ ನೋಡಿ ಗೊತ್ತಿಲ್ಲದವರು ಬಂದರು. ನನ್ನ ಅಂಗಡಿಯಲ್ಲಿ ಒಂದೇ ಸಲ ಟವೆಲ್ ಕೊಂಡವರು ಬಂದರು. ಅವನು ಬರಲಿಲ್ಲ. ಬರುವುದು ಹೋಗಲಿ, ಸತ್ತನೋ ಇದ್ದಾನೋ ಎಂದು ಭಾಗಮ್ಮನಿಗೆ ಒಂದು ಫೋನು ಮಾಡಲಿಲ್ಲ. ಇಂದಿಗೂ ಇಲ್ಲ. ನಾಳೆ ನಾನು ಖರೇನೇ ಹೋದರೆ ಹೀಗೆಯೇ ಇರುತ್ತಾನೆಂದು ಈಗಲೇ ಗೊತ್ತಾದಂತಾಯಿತು.

ಸೈಕಲ್ಲನ್ನು ಗೋದಾಮಿನಲ್ಲಿ ಇಟ್ಟು ಮೇಲೆ ಬಟ್ಟೆಯ ಗಂಟು ಹೇರಿದ್ದೇನೆ. ಇನ್ನು ಯಾವ ಭಾನುವಾರವೂ ಬೇಡ, ಬಳಗವೂ ಬೇಡ. ದಯವಿಟ್ಟು ಮತ್ತೆ ಬರೆಯಬೇಡಿರಿ.

ಸಂಗಣ್ಣ


ಯಾದಗಿರಿ
೨ ಮಾರ್ಚ್ ೨೦೨೫

ಕಾಕಾ,

ಬರೆಯಬೇಡ ಎಂದಿರಿ, ಬರೆಯುತ್ತಿದ್ದೇನೆ. ಕೊನೆಯ ತನಕ ಓದಿ ಆಮೇಲೆ ಎಷ್ಟು ಬೇಕಾದರೂ ಬೈಯಿರಿ.

ನಿಮ್ಮ ಕಾಗದ ಬಂದ ದಿನ ನನಗೆ ಊಟ ಸೇರಲಿಲ್ಲ. ‘ಅವನ ಹೆಸರು ಇರಲಿಲ್ಲ’ ಎಂದು ನೀವು ನೋವಿನಿಂದ ಬರೆದದ್ದನ್ನು ನಾನು ಮೆಚ್ಚುಗೆ ಎಂದು ಓದಿದೆ. ಓದಿ ಅರ್ಥ ಮಾಡಿಕೊಳ್ಳಿ ಎಂದು ಹತ್ತನೆಯ ತರಗತಿಯ ಮಕ್ಕಳ ಮೇಲೆ ದಿನವೂ ಕೂಗಾಡುವವಳು ನಾನು! ಬಳಗಕ್ಕೆ ನಿಯಮ ಬರೆಯುವವಳೂ ನಾನೇ. ತಡೆಯಲಾಗದೆ ಈ ಬೆಳಿಗ್ಗೆ ಬಸ್ಸು ಹತ್ತಿ ಸುರಪುರಕ್ಕೆ ಹೋದೆ.

ಫಕೀರಸಾಬ ಕಾಕಾ ಅಂಗಡಿಯಲ್ಲಿ ಒಂದು ಚಕ್ರದ ಸೊಟ್ಟ ತೆಗೆಯುತ್ತ ಕೂತಿದ್ದರು. “ಬರ್ರಿ ಟೀಚರ್, ಕೂಡ್ರಿ” ಎಂದರು. ಬಳಗ ಯಾಕೆ ಬಿಟ್ಟಿರಿ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಿಮ್ಮ ಹೆಸರು ಎತ್ತಿದೆ. ಚಕ್ರ ತಿರುಗಿಸುವುದನ್ನು ನಿಲ್ಲಿಸದೆ “ಆರಾಮ ಅದಾನಲ್ಲ? ಅಷ್ಟ ಸಾಕು” ಎಂದವರೇ ಎದ್ದು ಚಹಾ ಹೇಳಿ ಬರಲು ಹೋದರು. ಅವರು ಅತ್ತ ಹೋದದ್ದೇ ತಡ, ಒಳಗಿನಿಂದ ಅವರ ಹೆಂಡತಿ ಆಮೀನಾ ಬಂದರು. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ, ಒಂದಕ್ಷರವನ್ನೂ ನಾನು ಸೇರಿಸಿಲ್ಲ.

“ಅವತ್ತ ಕಡೇಚೂರ ಮದುವಿ ಮುಗಿಸ್ಕೊಂಡು ತಡ ಆಗಿ ಬಂದಿದ್ರವ್ವ. ಮುಂಜಾನೆ ಎದ್ದು ಫೋನ್ ನೋಡಿದ್ರು. ಬಾಯಿಗಿ ನೀರ ಹಾಕಲಿಲ್ಲ, ಕಾಲಿಗಿ ಚಪ್ಪಲಿ ಮೆಟ್ಟಲಿಲ್ಲ, ಸೈಕಲ್ ತೆಗೆದ್ರು. ಬಸ್ ಬರ್ತದ ತಡೀರಿ ಅಂದ್ರ ಕೇಳಲೇ ಇಲ್ಲ. ಹೂವಿನ ಮುದುಕಮ್ಮನ ಬಾಗಲಾ ಬಡದು ಎಬ್ಬಿಸಿ, ದೊಡ್ಡದೊಂದು ಹಾರ ಕಟ್ಟಿಸ್ಕೊಂಡು, ಹ್ಯಾಂಡಲಿಗೆ ಹಾಕ್ಕೊಂಡು ಹೋದ್ರು.”

ಕಾಕಾ, ನೀವು ಕಟ್ಟೆಯ ಮೇಲೆ ಕೂತು ದಾರಿ ನೋಡುತ್ತಿದ್ದಿರಲ್ಲ, ಅವರು ಆ ದಾರಿಯಲ್ಲಿ ಬಂದಿದ್ದರು. ನಿಮ್ಮ ಓಣಿಯ ಮೂಲೆಯವರೆಗೂ ಬಂದಿದ್ದರು. ನೆರೆದ ಮಂದಿಯ ಹಿಂದೆ ನಿಮಗೆ ಕಂಡಿರಲಿಕ್ಕಿಲ್ಲ.

“ಮೂಲ್ಯಾಗ ನಿಂತು ನೋಡ್ತಾರ, ದೋಸ್ತ ಕಟ್ಟಿ ಮ್ಯಾಲ ಕುಂತು ಬಸಿ ಒಳಗ ಚಾ ಹಾಕ್ಕೊಂಡು ಊದಿ ಊದಿ ಕುಡಿಯಾಕತ್ತಾನ! ಸುತ್ತ ಮಂದಿ ನಗಾಕತ್ತಾರ.”

“ಹಂಗಾರ ಹೋಗಿ ಮಾತಾಡ್ಸಬೇಕಿತ್ತಲ್ರಿ?” ಎಂದೆ.

“ಕೈಯಾಗ ಹಾರ ಇತ್ತಲ್ಲವ್ವ. ಹೆಣಕ್ಕಂತ ತಂದ ಹಾರ ಹಿಡ್ಕೊಂಡು ಬದುಕಿದ್ದ ಮನಷ್ಯಾನ ಬಾಗಲಾ ಹ್ಯಾಂಗ ತುಳೀಬೇಕು? ಅದೇ ಓಣ್ಯಾಗ ಒಗದು ಹೋಗೂದೂ ಛಲೋ ಅಲ್ಲ. ಹಂಗ ಸೈಕಲ್ ತಿರುವ್ಯಾರ. ಹತ್ತಿಗುಡೂರ ದಾಟಿ ಕಾಲುವಿ ನೀರಿಗೆ ಹಾರ ಬಿಟ್ಟು, ಅಲ್ಲೇ ದಂಡಿ ಮ್ಯಾಲ ಕುಂತು ಅತ್ತಾರ. ಮನಿಗಿ ಬಂದು ಏನಂದ್ರು ಗೊತ್ತೇನು? ‘ಸತ್ತಾನಂತ ಹೋಗುವಾಗ ಒಂದ್ ಹನಿ ಬರಲಿಲ್ಲ ಆಮೀನಾ, ಅದಾನಂತ ಕಂಡ ಮ್ಯಾಲ ನಿಲ್ಲಲೇ ಇಲ್ಲ’ ಅಂದ್ರು.”

ಇಷ್ಟಾದರೂ ಯಾಕೆ ಬರುತ್ತಿಲ್ಲ ಎಂದು ಕೇಳಿದೆ. ಅವರಿಗೆ ನಾಚಿಕೆಯಂತೆ. “ಭಾಗಮ್ಮಗ ಒಂದ್ ಫೋನ್ ಹಚ್ಚಿ ಕೇಳೂವಷ್ಟು ಬುದ್ಧಿ ಬರಲಿಲ್ಲ ನನಗ. ಸೀದಾ ಹಾರ ತಗೊಂಡೆ. ದೋಸ್ತನ ಹೆಣಕ್ಕ ಹಾರ ಕೊಂಡ ಕೈ ಇವು” ಎಂದು ಕೈ ನೋಡಿಕೊಳ್ಳುತ್ತ ಕೂರುತ್ತಾರಂತೆ. ನಿಮ್ಮ ಮುಂದೆ ಬಂದರೆ ಎಲ್ಲವನ್ನೂ ಹೇಳಬೇಕಾಗುತ್ತದೆ, ಹೇಳಿದರೆ ನಿಮಗೆ ಕೆಡುಕಾಗುತ್ತದೆಂದು ಭಯ. ಅಂಥವರನ್ನು ನಾನು ತಾಳ್ಮೆಗೆ ಮಾದರಿ ಎಂದು ಬಳಗದ ಮುಂದೆ ನಿಲ್ಲಿಸಿ ಚಪ್ಪಾಳೆ ಹೊಡೆಸಿದೆ. ಅವರು ಬಳಗ ಬಿಡದೆ ಇನ್ನೇನು ಮಾಡಿಯಾರು!

ನಿಮಗೆ ಹೇಳಬಾರದೆಂದು ಆಮೀನಾ ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ನಾನೂ ಹೂಂ ಎಂದೆ. ಬಸ್ಸಿನಲ್ಲಿ ಕೂತಾಗ ಆ ಮಾತು ಉಳಿಸಿಕೊಳ್ಳಲು ನನ್ನಿಂದ ಆಗುವುದಿಲ್ಲ ಎನ್ನಿಸಿತು. ಎದೆಯ ಮೇಲಿನ ಕಲ್ಲು ಇಳಿದಂತಾಗಿ ಅತ್ತುಬಿಟ್ಟೆ. ಕಂಡಕ್ಟರ್ ಗಾಬರಿಯಾಗಿ “ಯಾರರೆ ತೀರಿಕೊಂಡಾರೇನ್ರಿ ಅಕ್ಕಾರ?” ಎಂದು ಕೇಳಿದ. “ಇಲ್ರಿ, ಯಾರೂ ತೀರಿಕೊಂಡಿಲ್ಲ” ಎಂದೆ. ಅವನು ಸ್ವಲ್ಪ ದೂರ ಸರಿದು ನಿಂತ.

ಈಗ ಬೈಯಿರಿ.

ನಿಮ್ಮ
ಪರಿಮಳಾ


ಶಹಾಪುರ
೬ ಮಾರ್ಚ್ ೨೦೨೫

ಮಗಳೆ ಪರಿಮಳಾ,

ಮೊದಲು ನಿಯಮದ ಕೆಲಸ ಮುಗಿಸುತ್ತೇನೆ, ಕಥೆ ಆಮೇಲೆ. ಸ್ವಲ್ಪ ಕಾಯಿ. ನನ್ನನ್ನು ಎಷ್ಟು ದಿನ ಕಾಯಿಸಿದಿರಿ ಎಲ್ಲರೂ ಸೇರಿ!

ಕರಡಿಗೆ ನನ್ನ ಒಪ್ಪಿಗೆ ಇದೆ. ಸಾವಿನ ಸುದ್ದಿ ಅಡ್ಮಿನ್ ಮಾತ್ರ ಹಾಕಬೇಕೆಂದದ್ದು ಸರಿ. ಆದರೆ ಅಲ್ಲಿಗೇ ಬಿಡಬೇಡ. ಯಾರದೇ ಕೆಟ್ಟ ಸುದ್ದಿ ಬಳಗದಲ್ಲಿ ಕಂಡರೆ, ಅಲ್ಲಿ ಏನನ್ನೂ ಒತ್ತದೆ ಮೊದಲು ಆ ಮನೆಗೆ ಫೋನು ಮಾಡಬೇಕೆಂದು ಸೇರಿಸು. ಯಾರಾದರೂ ಸುಮ್ಮನಿದ್ದರೆ ಅದಕ್ಕೆ ಅರ್ಥ ಹಚ್ಚಬಾರದೆಂದೂ ಸೇರಿಸು. ಅದು ನಿನಗೂ ಬೇಕು, ನನಗೂ ಬೇಕು. ಉದಾಹರಣೆ ಎಂದು ಯಾರ ಹೆಸರನ್ನೂ ಹಾಕಬೇಡ ತಾಯಿ, ಕೈ ಮುಗಿಯುತ್ತೇನೆ. ಚೇತನಕುಮಾರನಿಗೆ ನನಗೆ ಸಿಟ್ಟಿಲ್ಲವೆಂದು ಹೇಳು. ಅಂಗಡಿಯ ಯುಗಾದಿ ಬೋರ್ಡನ್ನು ಅವನ ಕೈಯಲ್ಲೇ ಮಾಡಿಸುತ್ತೇನೆ, ನಾನೇ ಪಕ್ಕದಲ್ಲಿ ಕೂತು ಮಾಡಿಸುತ್ತೇನೆ.

ನಿನ್ನ ಕಾಗದ ನಿನ್ನೆ ಮಧ್ಯಾಹ್ನ ಬಂತು. ಅರ್ಧ ಓದುವಷ್ಟರಲ್ಲಿ ಅಕ್ಷರ ಕಾಣದಂತಾಯಿತು. ಭಾಗಮ್ಮ ಕೈಯಿಂದ ಕಸಿದುಕೊಂಡು ಉಳಿದದ್ದನ್ನು ಗಟ್ಟಿಯಾಗಿ ಓದಿದಳು. ಕಾಲುವೆಯ ಮಾತನ್ನು ಎರಡು ಸಲ ಓದಿದಳು. ಆಮೇಲೆ ಸೈಕಲ್ ಮುಟ್ಟಿದರೆ ನೋಡ್ರಿ ಎಂದಿದ್ದ ಇದೇ ಭಾಗಮ್ಮ ಗೋದಾಮಿಗೆ ಹೋಗಿ ಗಂಟುಗಳನ್ನು ತಾನೇ ಎಳೆದು ಕೆಳಗೆ ಹಾಕಿದಳು. “ಇನ್ನೂ ಕುಂತೀರೇನು? ಆ ಮನಷ್ಯಾ ಬರಿಗಾಲಾಗ ಬಂದು ಹೋಗ್ಯಾನ” ಎಂದಳು. ಬಿಸಿಲು ಬಹಳ ಇದೆ, ನಾಳೆ ಮುಂಜಾನೆ ಹೋಗುತ್ತೇನೆ ಎಂದು ಸಮಾಧಾನ ಮಾಡಿದೆ. ರಾತ್ರಿಯಿಡೀ ನನಗೆ ಸಮಾಧಾನವಿರಲಿಲ್ಲ.

ಇಂದು ಕತ್ತಲಿರುವಾಗಲೇ ಹೊರಟೆ. ಅವನು ಬಂದ ದಾರಿಯನ್ನು ತಿರುಗಾ ತುಳಿದಂತೆ ಆಗುತ್ತಿತ್ತು. ಹತ್ತಿಗುಡೂರ ದಾ‌ಟಿದ ಮೇಲೆ ಕಾಲುವೆ ಬಂದಾಗ ಕಾಲು ತಾನಾಗಿ ನಿಂತಿತು. ಸುತ್ತ ಮೆಣಸಿನಕಾಯಿ ಹೊಲ, ನೀರು ತುಂಬಿ ಹರಿಯುತ್ತಿತ್ತು. ಎಂಥ ಕೆಟ್ಟ ಮಾತು ಆಡಿದೆನಲ್ಲ ಅವನ ಬಗ್ಗೆ ಎಂದು ಅನ್ನಿಸಿತು. ಆದರೆ ಖರೇ ಹೇಳುತ್ತೇನೆ, ಅದಕ್ಕಿಂತ ಹೆಚ್ಚು ಖುಷಿಯಾಗಿತ್ತು. ಒಬ್ಬನೇ ಗಾಳಿಯಲ್ಲಿ ನಗುತ್ತ ಹೋದೆ.

ಅವನು ಆಗಷ್ಟೇ ಅಂಗಡಿಯ ಬಾಗಿಲು ಎತ್ತುತ್ತಿದ್ದ. ನನ್ನನ್ನು ನೋಡಿ ಅರ್ಧಕ್ಕೇ ನಿಲ್ಲಿಸಿದ. ನಾನು ಸೈಕಲ್ಲಿನಿಂದ ಇಳಿಯಲಿಲ್ಲ.

“ಯಾಕೋ, ಓಣಿ ತನಕಾ ಬಂದು ಹಂಗ ಹೋದ್ಯಂತ?” ಎಂದೆ.

“ಆ ಟೀಚರ್ ಹೇಳಿದ್ಳೇನು?”

“ಯಾರರೆ ಹೇಳ್ಲಿ. ಬಂದಿದ್ಯೋ ಇಲ್ಲೋ?”

“ಬಂದಿದ್ದೆ.”

ಅಷ್ಟೇ ಅಂದ. ಆಮೇಲೆ ಹತ್ತಿರ ಬಂದು ನನ್ನ ಭುಜ ಹಿಡಿದ, ತೋಳು ಹಿಡಿದ. ಬಿದ್ದು ಬಂದ ಸೈಕಲ್ಲಿನಲ್ಲಿ ಎಲ್ಲಾದರೂ ಬಿರುಕು ಬಿಟ್ಟಿದೆಯೋ ಎಂದು ನೋಡುವ ಹಾಗೆ ಮುಟ್ಟಿ ಮುಟ್ಟಿ ನೋಡಿದ. ಗ್ರೀಸಿನ ಕೈ, ಅಂಗಿಯೆಲ್ಲ ಕಪ್ಪಾಯಿತು. ಬೈಯಬೇಕೆಂದು ದಾರಿಯುದ್ದಕ್ಕೂ ಕೂಡಿಸಿಟ್ಟುಕೊಂಡ ಮಾತೆಲ್ಲ ಎಲ್ಲಿ ಹೋದವೋ. ಅವನು ಅತ್ತ, ನಾನೂ ಅತ್ತೆ. ಮುಂಜಾನೆಯ ಹಾಲಿನವನು ಕ್ಯಾನು ಇಳಿಸಿ ನೋಡುತ್ತ ನಿಂತ.

“ಹುಚ್ಚಪ್ಪ, ಸುಮ್ನಾಗು, ಮಂದಿ ನೋಡಾಕತ್ತಾರ” ಎಂದೆ.

“ನೋಡ್ಲಿ” ಎಂದ. ಆಮೇಲೆ ಮೂಗು ಒರೆಸಿಕೊಂಡು, ಸಣ್ಣಂದಿನಿಂದ ನನ್ನನ್ನು ಬೈಯುವ ಅದೇ ದನಿಯಲ್ಲಿ ಬೈದ. ಅದನ್ನು ಇದ್ದ ಹಾಗೆ ಬರೆದು ಮುಗಿಸುತ್ತೇನೆ. ಸಂಜೆ ನಮ್ಮಿಬ್ಬರನ್ನೂ ಬಳಗಕ್ಕೆ ಸೇರಿಸು.

“ನೋಡು ಸಂಗಣ್ಣ, ಇನ್ನ ಮ್ಯಾಲ ನೀ ಸಾಯೂದಿದ್ರ ಗ್ರೂಪಿನ್ಯಾಗ ಗೀಪಿನ್ಯಾಗ ಹಾಕಿಸಬ್ಯಾಡ. ಮೊದ್ಲ ನನಗ ಫೋನ್ ಹಚ್ಚಬೇಕು.”

“ಸತ್ತ ಮ್ಯಾಲ ಹ್ಯಾಂಗ ಹಚ್ಚಲೋ?”

“ಹಂಗಾರ ಸಾಯಬ್ಯಾಡ.”

ನಿನ್ನ
ಸಂಗಣ್ಣ ಕಾಕಾ